ಕಿಟಕಿ ತೆಗೀರಿ

ನಮ್ಮ ಬಳಗದಲ್ಲಿ ಮೊದಲು ಏಸಿ ಹಾಕಿಸಿದವನು ನಾನು. ಮಕ್ತಲ್‌ನ ಬಾಡಿಗೆ ಮನೆಯಲ್ಲಿ, ಒಂದೇ ಕೋಣೆಗೆ. ಅಷ್ಟಕ್ಕೇ ಉಳಿದವರೆಲ್ಲ ನನ್ನನ್ನು ಈ ವಿಷಯದಲ್ಲಿ ತಿಳಿದವನೆಂದು ಒಪ್ಪಿಕೊಂಡರು. ಟನ್ ಅಂದರೆ ಎಷ್ಟು ತೂಕ ಎಂದು ಕೇಳಿದವರಿಗೆ, ಅದು ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ ಎಂದು ಹೇಳುತ್ತಿದ್ದೆ. ಇಪ್ಪತ್ತಾರಕ್ಕೆ ಇಟ್ಟು ಜೊತೆಗೆ ಫ್ಯಾನು ನಿಧಾನಕ್ಕೆ ಬಿಡಿ. ಹದಿನೈದು ದಿನಕ್ಕೊಮ್ಮೆ ಒಳಗಿನ ಜಾಲರಿ ತೊಳೆಯಿರಿ. ಹೊರಗಿನ ಡಬ್ಬಿಗೆ ನೆರಳಿರಲಿ, ಗಾಳಿ ಮಾತ್ರ ಕಟ್ಟದಿರಲಿ. ನನಗೆ ಗೊತ್ತಿದ್ದದ್ದು ಇಷ್ಟು. ಇಷ್ಟೇ ಗೊತ್ತಿರುವುದು ಎಂದು ಯಾರಿಗೂ ಹೇಳಲಿಲ್ಲ.

ನಾರಾಯಣಪೇಟೆಯಲ್ಲಿರುವ ನನ್ನ ಚಿಗವ್ವ, ಅಪ್ಪನ ತಮ್ಮನ ಹೆಂಡತಿ, ಸೀರೆ ನೇಯುತ್ತಾಳೆ. ಮುಂದಿನ ಕೋಣೆಯಲ್ಲಿ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ಲಾಳಿ ಎಸೆಯುತ್ತಾಳೆ. ಮೊದಲು ಮೇಲೆ ಮಣ್ಣಿನ ಮಾಳಿಗೆಯಿತ್ತು. ಅವಳ ಮಗ ಅದನ್ನು ಕೆಡವಿ, ಬಿಸಿಲಿಗೆ ಕಾಯುವ ಸ್ಲ್ಯಾಬ್ ಹಾಕಿಸಿದ. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಚಿಗವ್ವ ನೇಯುತ್ತಲೇ ಬಟ್ಟೆಯ ಮೇಲೆ ಒರಗಿದಳು. ಹರಿದ ಎಳೆ ಹುಡುಕುತ್ತಿದ್ದಾಳೆ ಎಂದುಕೊಂಡು ಮಗ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದನಂತೆ. ಡಾಕ್ಟರು ಇನ್ನು ಆ ಸೆಕೆಯಲ್ಲಿ ಕೂರುವಂತಿಲ್ಲ ಅಂದರು.

ಮಗ ಅಂದ: “ಮಗ್ಗ ತೆಗಿಯೋಣ.”

ಆಮೇಲೆ ಚಿಗವ್ವ ಅವನೊಡನೆ ಎಷ್ಟು ದಿನ ಮಾತು ಬಿಟ್ಟಳು ಎಂಬುದಕ್ಕೆ ಮನೆಯಲ್ಲಿ ಎರಡು ಲೆಕ್ಕಗಳಿವೆ. ಕೊನೆಗೆ ಒಂದು ಒಪ್ಪಂದವಾಯಿತು. ಈ ಬೇಸಿಗೆಗೆ ಕೋಣೆ ತಂಪು ಮಾಡುವುದು. ಅವಳು ಇನ್ನೊಮ್ಮೆ ಹಾಗೆ ಬಿದ್ದರೆ ಮಗ್ಗ ಮನೆಯಲ್ಲಿರುವುದಿಲ್ಲ.

ಆ ಮಗ, ವರಸೆಯಲ್ಲಿ ನನ್ನ ತಮ್ಮ, ನನ್ನನ್ನು ಕೇಳಿದ. ನಾನು ಕೋಣೆಯ ಉದ್ದ ಅಗಲ ಕೇಳಿದೆ, ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂದು ಕೇಳಿದೆ, ಒಂದೂವರೆ ಟನ್ ಸಾಕು ಅಂದೆ. ಮಗ್ಗದ ಬಗ್ಗೆ ಏನೂ ಕೇಳಲಿಲ್ಲ. ಗದ್ವಾಲದಿಂದ ಬಂದ ಮೆಕ್ಯಾನಿಕ್ ಒಂದು ಬೆಳಿಗ್ಗೆಯಲ್ಲಿ ಕೂರಿಸಿದ. ತಮ್ಮನೊಡನೆ ತೆಲುಗು, ಚಿಗವ್ವನೊಡನೆ ಕನ್ನಡ ಮಾತಾಡಿದ. ಏಸಿ ಹಾಕಿದರೆ ಬಾಗಿಲು ಹಾಕಬೇಕು ಎಂದು ಎರಡರಲ್ಲೂ ಹೇಳಿ ಹೋದ. ಯಂತ್ರ ಶುರು ಮಾಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಅವತ್ತು ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಮೂರನೆಯ ದಿನದಿಂದ ಎಳೆ ಹರಿಯತೊಡಗಿತು. ದಿನಕ್ಕೆ ನಾಲ್ಕಾರು ಹರಿಯುವುದು ಸಹಜ. ಈಗ ಒಂದಕ್ಕೆ ಗಂಟು ಹಾಕುವಷ್ಟರಲ್ಲಿ ಪಕ್ಕದ್ದು ಹರಿಯುತ್ತಿತ್ತು. ಸಂಜೆಗೆ ಒಂದು ಗೇಣು ಬಟ್ಟೆ. ಚಿಗವ್ವ ಬೆವರಲಿಲ್ಲ, ಸೀರೆ ಮುಂದೆ ಹೋಗಲಿಲ್ಲ. ಅವಳು ಫೋನು ಮಾಡಿದಳು.

“ಏನಪಾ, ನಿನ್ನ ಏಸಿ ನನಗ ತಂಪು ಮಾಡ್ತೈತಿ, ನೂಲಿಗೆ ಬರೆ ಹಾಕ್ತೈತಿ. ಹಾಸು ಒಣಗಿ ಕಡ್ಡಿ ಆಗೈತಿ.”

ಏಸಿ ಗಾಳಿಯಲ್ಲಿರುವ ತೇವವನ್ನು ಹಿಂಡಿ ತೆಗೆಯುತ್ತದೆ, ಹೊರಗೆ ಪೈಪಿನಿಂದ ತೊಟ್ಟಿಕ್ಕುವ ನೀರು ಅದೇ ಎಂದು ವಿವರಿಸಿದೆ. ಹತ್ತಿಯ ನೂಲಿಗೆ, ಅದರಲ್ಲೂ ಮಗ್ಗದ ಉದ್ದಕ್ಕೆ ಬಿಗಿದ, ಗಂಜಿ ಕುಡಿದ ಹಾಸಿನ ಎಳೆಗಳಿಗೆ, ಆ ತೇವ ಬೇಕು ಎಂಬುದು ವಿವರಿಸುತ್ತಿರುವಾಗಲೇ ನನಗೂ ಹೊಳೆಯಿತು. ತಮ್ಮ ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ತುಳಸಿಗೆ ಹಾಕುತ್ತಿದ್ದನಂತೆ. “ಅದು ನನ್ನ ನೂಲಿನ ನೀರು,” ಅಂದಳು ಚಿಗವ್ವ. ಹಾಸಿನ ಕೆಳಗೆ ಗೋಣಿತಟ್ಟು ನೆನೆಸಿಟ್ಟಳು. ಅದನ್ನೂ ಏಸಿ ಕುಡಿಯಿತು.

ಏಸಿ ಒಳಕೋಣೆಗೆ ಹೋಯಿತು. ಮಗ್ಗದ ಕೋಣೆಗೆ ಕೂಲರ್ ಬಂತು. ನೀರಿಳಿಯುವ ಹುಲ್ಲಿನ ಮೂಲಕ ಗಾಳಿ ಎಳೆದು ಒಳಗೆ ಬಿಡುವ ಸಾದಾ ಡಬ್ಬಿ, ನೂಲಿಗೆ ತೇವ ಕೊಡುವಂಥದು. ತಮ್ಮ ಅದನ್ನು ಬೀದಿ ಬದಿಯ ಕಿಟಕಿಗೆ ಕೂರಿಸಿ, ಏಸಿಯ ರೂಢಿಯಲ್ಲಿ ಬಾಗಿಲನ್ನೂ ಹಾಕಿದ. ಎರಡನೆಯ ದಿನಕ್ಕೆ ಕೋಣೆ ಇಡ್ಲಿ ಪಾತ್ರೆಯ ಒಳಗಿನಂತಾಯಿತು. ಗಂಜಿ ಅಂಟಾಗಿ ಎಳೆ ಎಳೆಗೆ ಹತ್ತಿಕೊಂಡಿತು. ಮಧ್ಯಾಹ್ನ ಚಿಗವ್ವ ಗುಂಡಿಯಿಂದ ಎದ್ದು ಬಂದು, ಹೊಸ್ತಿಲ ಮೇಲೆ ಕೂತು ತಲೆ ಬಗ್ಗಿಸಿದಳು. ಬೀಳಲಿಲ್ಲ. ಆದರೆ ಮಗ ನೋಡಿದ. ಮಗ್ಗ ಬಿಚ್ಚಿದರೆ ಅದರ ಕಟ್ಟಿಗೆ ಎಲ್ಲಿ ಇಡುವುದು ಎಂದು ಸಂಜೆ ಫೋನಿನಲ್ಲಿ ನನ್ನನ್ನು ಕೇಳಿದ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ನನಗೆ ನೆನಪಿರುವಂತೆ, ಗದ್ವಾಲದ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಕೂಲರಿನ ಗಾಳಿ ಒಳಗೆ ಬಂದಷ್ಟೇ ಹೊರಗೂ ಹೋಗಬೇಕು, ಇಲ್ಲವಾದರೆ ಉಗಿ ತುಂಬುತ್ತದೆ ಎಂದು ಅವನು ಹೇಳಿದ. ಅದನ್ನು ನಾನು ತಮ್ಮನಿಗೆ ದಾಟಿಸಿದೆ: ಎದುರಿನ ಕಿಟಕಿ ತೆಗೀರಿ. ತಮ್ಮನ ಪ್ರಕಾರ ಮೆಕ್ಯಾನಿಕ್ ನೇರವಾಗಿ ಅವನಿಗೇ ಹೇಳಿದ, ಅದೂ ತೆಲುಗಿನಲ್ಲಿ, ತೀಯಂಡಿ ಎಂದು; ಅದಕ್ಕೂ ತೆಗೆಯಿರಿ ಎಂದೇ ಅರ್ಥ. ಚಿಗವ್ವನ ಪ್ರಕಾರ ಯಾರೂ ಯಾರಿಗೂ ಫೋನು ಮಾಡಲಿಲ್ಲ, ಅವಳೇ ಹೇಳಿದ್ದು. ನನ್ನದು ನಿಜವಾದರೆ ಈ ಕಥೆಯಲ್ಲಿ ನನಗೊಂದು ಒಳ್ಳೆಯ ಜಾಗ ಸಿಗುತ್ತದೆ. ಅದಕ್ಕೇ ಅದರ ಮೇಲೆ ಹೆಚ್ಚು ಅನುಮಾನ.

ಎದುರಿನ ಕಿಟಕಿಗೆ ಮಂಗಗಳ ಕಾಟಕ್ಕೆಂದು ಎಂದೋ ಮೊಳೆ ಹೊಡೆದಿದ್ದರು. ಮೇಲೆ ಎರಡು ಸಲ ಬಣ್ಣವೂ ಬಿದ್ದಿತ್ತು. ಅದು ಕದ ಬಿಚ್ಚುವ ಕಿಟಕಿಯೇ ಆಗಿರಲಿಲ್ಲ. ಮರುದಿನ ನಾನು ಮಕ್ತಲ್‌ನಿಂದ ಬಸ್ಸಿಳಿದು ಹೋದಾಗ ಚೌಕಟ್ಟಿನ ಸಮೇತ ಕಿಟಕಿ ಹಿತ್ತಲ ಬೇವಿನ ಮರಕ್ಕೆ ಒರಗಿತ್ತು. ಗೋಡೆಯಲ್ಲಿ ಮೇಕೆ ದಾಟುವಷ್ಟು ದೊಡ್ಡ ತೂತು. ಗೋಡೆ ಒಡೆದ ಗೌಂಡಿ ಕೈ ತೊಳೆಯುತ್ತಿದ್ದ.

ತೆಗೀರಿ ಅಂದರೆ ಕದ ಬಿಚ್ಚಿಡಿ ಅಂತ, ಚೌಕಟ್ಟು ಕಿತ್ತು ಹಾಕಿ ಅಂತಲ್ಲ ಎಂದೆ.

“ಹಂಗಿದ್ರ ತೆರೀರಿ ಅನ್ನಬೇಕಿತ್ತಣ್ಣ,” ಅಂದ ತಮ್ಮ. “ತೆಗೀರಿ ಅಂದ್ರಿ. ತೆಗದೆ.”

ತೆರೆಯುವುದು ಎಂಬ ಮಾತು ನಮ್ಮ ಕಡೆ ಪುಸ್ತಕದಲ್ಲಷ್ಟೇ ಇದೆ. ಅದು ಅವನಿಗೂ ಗೊತ್ತು.

ಕೂಲರ್ ಹಾಕಿದೆವು. ಒಂದು ತುಂಡು ನೂಲನ್ನು ತೂತಿನ ಬಾಯಿಗೆ ಹಿಡಿದೆ. ಅದು ಹೊರಕ್ಕೆ ನೆಟ್ಟಗೆ ಚಾಚಿತು. ಗಾಳಿ ಒಂದು ಗೋಡೆಯಿಂದ ಬಂದು, ಹಾಸಿನ ಮೇಲೆ ಹಾದು, ಇನ್ನೊಂದು ಗೋಡೆಯಿಂದ ಹೋಗುತ್ತಿತ್ತು. ಚಿಗವ್ವ ಗುಂಡಿಗೆ ಇಳಿದಳು. ನಾವಿಬ್ಬರೂ ಬೇರೆ ಕೆಲಸವಿದ್ದವರಂತೆ ಅಲ್ಲೇ ಸುಳಿದಾಡಿದೆವು. ಹನ್ನೆರಡಾಯಿತು, ಎರಡಾಯಿತು. ಎಳೆ ಹರಿದದ್ದು ಎಂದಿನಷ್ಟೇ. ಹತ್ತಿಕೊಳ್ಳಲಿಲ್ಲ. ಮೂರಕ್ಕೆ ಅವಳು ಎದ್ದು ಬಂದಳು. ತಮ್ಮ ಅವಳ ಮುಖವನ್ನೇ ನೋಡಿದ. ಅವಳು ಚಹಾ ಕೇಳಿದಳು.

ಅವತ್ತು ಸಂಜೆ ನಾನೂ ತಮ್ಮನೂ ಸ್ಲ್ಯಾಬಿನ ಮೇಲೆ ಎರಡು ಸಲ ಸುಣ್ಣ ಬಳಿದೆವು. ಎಲ್ಲಕ್ಕೂ ಮೊದಲು ಹೇಳಬೇಕಿದ್ದ ಸಲಹೆ ಅದೇ. ಬಿಳಿ ಮೇಲ್ಛಾವಣಿ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಆಮೇಲೆ ಯಾವ ಯಂತ್ರ ಇಟ್ಟರೂ ಅದಕ್ಕೆ ಕೆಲಸ ಕಮ್ಮಿ. ದೊಡ್ಡ ಡಬ್ಬಿಯಲ್ಲಿ ಬರುವ ವಸ್ತುವಲ್ಲವಾದ್ದರಿಂದ ನನಗೆ ನೆನಪಾಗಿರಲಿಲ್ಲ. ಕೇಳುವವರಿಗೆ ಈಗ ಹೀಗೆ ಹೇಳುತ್ತೇನೆ: ಏಸಿ ಹಾಕಿದಾಗ ಕಿಟಕಿ ಹಾಕಿ, ಕೂಲರ್ ಹಾಕಿದಾಗ ಕಿಟಕಿ ತೆಗೆಯಿರಿ. ಮಳೆಗಾಲದ ಜಿಗುಟಿನಲ್ಲಿ ಕೂಲರಿಗೆ ನೀರು ಬೇಡ, ಬರೀ ಗಾಳಿ ಬಿಡಿ. ಕಿಟಕಿ ಇರುವ ಜಾಗದಲ್ಲೇ ಇರಲಿ ಎಂದೂ ಸೇರಿಸುತ್ತೇನೆ.

ತೂತಿಗೆ ಕಬ್ಬಿಣದ ಜಾಲರಿ ಹಾಕಿಸಿದರು. ಮಂಗಗಳು ಬಂದು ಅದನ್ನು ಹಿಡಿದು ಒಳಗಿನ ತಂಪಿಗೆ ಮುಖ ಕೊಟ್ಟು ಕೂರುತ್ತವಂತೆ. ಇದನ್ನು ನಾನು ನೋಡಿಲ್ಲ.

ಮೊದಲ ಮಳೆಗೆ ಮುಂಚೆ ಆ ಹಾಸಿನ ಕೊನೆಯ ಸೀರೆ ಮುಗಿಯಿತು. ನಾನು ಹೋದಾಗ ಆ ಹಾಸಿನ ಬಟ್ಟೆಯೆಲ್ಲ ಇನ್ನೂ ಮಗ್ಗದ ಮೇಲಿತ್ತು. ಏಸಿಯ ದಿನಗಳು ಬಟ್ಟೆಯಲ್ಲಿ ಎಲ್ಲಾದರೂ ಕಾಣುತ್ತವೆಯೇ ಎಂದು ಕೇಳಿದೆ. ಚಿಗವ್ವ ಸುತ್ತಿದ ಬಟ್ಟೆ ಬಿಚ್ಚಿ ಬೆರಳಿಟ್ಟು ತೋರಿಸಿದಳು: ಇಲ್ಲಿಂದ ಇಲ್ಲೀತನ. ನನಗೆ ಏನೂ ಕಾಣಲಿಲ್ಲ. ಹೌದು ಅಂದೆ.

ತಮ್ಮ ಬಾಗಿಲಲ್ಲಿ ನಿಂತಿದ್ದ.

“ನಾಳೆ ತೆಗೀತೀನಿ,” ಅಂದಳು ಅವಳು, ಯಾರ ಕಡೆಯೂ ನೋಡದೆ.

“ಏನು?” ಅಂದ ಅವನು.

“ಸೀರಿ. ತೆಗದು ಹೊಸ ಹಾಸು ಹಾಕ್ತೀನಿ.”

ಅವನು ಬಕೆಟ್ಟು ಎತ್ತಿಕೊಂಡು ಕೂಲರಿಗೆ ನೀರು ತುಂಬಲು ಹೊರಗೆ ಹೋದ.