ಅಫಜಲಪುರದ ‘ಹಗಲೆಲ್ಲ’

ಕನ್ನಡದ ಊರಿನಲ್ಲೇ ನನಗೆ ಕನ್ನಡ ಬಾರದು ಎಂದು ಗೊತ್ತಾದದ್ದು ಅಫಜಲಪುರದ ದವಾಖಾನೆಯಲ್ಲಿ ಕೂತ ಮೊದಲ ಬೆಳಿಗ್ಗೆ. ಎದುರಿಗಿದ್ದ ಹಿರಿಯರು ‘ಆರಾಮಿಲ್ರಿ’ ಎಂದರು. ಪಾಪ, ಹೊಲದ ಕೆಲಸದಲ್ಲಿ ಬಿಡುವಿಲ್ಲ ಅಂದುಕೊಂಡು, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದೆ. ಜ್ವರದಲ್ಲಿ ಕೆಂಡವಾಗಿದ್ದ ಅವರು ನನ್ನನ್ನೇ ಕನಿಕರದಿಂದ ನೋಡಿದರು. ಇಲ್ಲಿ ‘ಆರಾಮಿಲ್ಲ’ ಅಂದರೆ ಮೈಗೆ ಹುಷಾರಿಲ್ಲ.

ಡಾಕ್ಟರಾದರೂ ಮೈಸೂರಿನಲ್ಲಿ ನನ್ನದು ಪ್ರಯೋಗಾಲಯದ ಬದುಕು. ಮೂತ್ರಪಿಂಡದ ಜೀವಕೋಶಗಳು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತವೆ, ಹೇಗೆ ಹೊರಗೆ ಕಳಿಸುತ್ತವೆ ಎಂದು ನೋಡುವುದರಲ್ಲೇ ವರ್ಷಗಳು ಕಳೆದಿದ್ದವು. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಪುಟ್ಟ ಗ್ರಂಥಿಯಿದೆ. ಅದರಿಂದ ಬರುವ ಅಲ್ಡೋಸ್ಟೆರಾನ್ ಹಾರ್ಮೋನು ಹೆಚ್ಚಾದರೆ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಗುಳಿಗೆಗೆ ಜಗ್ಗದ ಬಿಪಿ ಇರುವವರಲ್ಲಿ ಯಾರಿಗೆಲ್ಲ ಇದು ಕಾರಣ ಎಂದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹುಡುಕುವ ಕೆಲಸ ಸಿಕ್ಕಾಗ ಹಿಂದೆಮುಂದೆ ನೋಡದೆ ಹೊರಟುಬಂದೆ.

ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸುಲಭವಾಗಿ ಸಿಗಲಿಲ್ಲ. ಕೊನೆಗೆ ದವಾಖಾನೆಯ ಹಿಂದಿನ ಓಣಿಯ ಮುಮ್ತಾಜ್ ಆಪಾ ತಮ್ಮ ಮಹಡಿಯ ಖೋಲಿ, ಅಂದರೆ ಕೋಣೆ, ಕೊಟ್ಟರು. ಅನ್ನ ಸಾರಿಲ್ಲದಿದ್ದರೆ ಊಟವೇ ಅಲ್ಲ ಎನ್ನುತ್ತಿದ್ದವಳು ಒಣಗಿದ ಕಟಕ ರೊಟ್ಟಿಯನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ಮುರಿದು ತಿನ್ನತೊಡಗಿದೆ. ಭಾನುವಾರಗಳು ಮಾತ್ರ ಕಷ್ಟ. ಮಾತಿಗೆ ಯಾರೂ ಇಲ್ಲದೆ, ಬಿಸಿಲಿಗೆ ಬಿಳುಚಿದ ರಸ್ತೆ ನೋಡುತ್ತ ಮೈಸೂರಿನ ಸಾಲುಮರ ನೆನೆದು ಕೂತಿರುತ್ತಿದ್ದೆ.

ಹೀಗಿರುವಾಗ ಹತ್ತಿರದ ಕರಜಗಿ ಊರಿನಿಂದ ಮಹಾದೇವಿ ಬಂದಳು. ಮೂವತ್ತು ದಾಟಿದಾಕೆ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ‘ಕಾಲು ಹಗಲೆಲ್ಲ ಸೋಲ್ತಾವ್ರಿ’ ಎಂದಳು. ಜೊತೆಗೆ ಬಂದಿದ್ದ ಅತ್ತೆ ಗುರುಬಾಯಿ, ಸೊಸೆಗೆ ಬೇರೆಯಾಗಿ ಉಪ್ಪಿಲ್ಲದ ಅಡುಗೆ ಮಾಡಿದರೂ ಬಿಪಿ ಇಳಿಯುತ್ತಿಲ್ಲ, ಕದ್ದು ಉಪ್ಪಿನಕಾಯಿ ತಿನ್ನುತ್ತಾಳೆ ಎಂದು ದೂರಿದಳು. ಮಹಾದೇವಿ ತಲೆ ಎತ್ತಲಿಲ್ಲ. ದಿನವಿಡೀ ಹೊಲಿಗೆ ಮಷಿನ್ ತುಳಿದರೆ ಕಾಲು ದಣಿಯದೆ ಇರುತ್ತವೆಯೇ, ಬಿಪಿಗೆ ಆ ಉಪ್ಪಿನಕಾಯಿಯೇ ಕಾರಣವಿರಬೇಕು ಅಂದುಕೊಂಡು, ಅವಳು ನುಂಗುತ್ತಿದ್ದ ಬಿಪಿ ಗುಳಿಗೆಯನ್ನೇ ಮುಂದುವರಿಸಿ ಕಳಿಸಿದೆ.

ಅಂದು ಸಂಜೆ ಊಟಕ್ಕೆ ಕೂತಾಗ ಕರೆಂಟು ಹೋಯಿತು. ‘ಇಲ್ಲಿ ಲೈಟ್ ಹಗಲೆಲ್ಲ ಹೋಗ್ತಾವ್ರಿ’ ಎಂದರು ಆಪಾ. ಹೊತ್ತು ಮುಳುಗಿದೆ, ಹಗಲೆಲ್ಲಿ ಬಂತು ಎಂದು ಕೇಳಿದೆ. ಹಗಲೆಲ್ಲ ಅಂದರೆ ಪದೇ ಪದೇ ಎಂದು ಅವರು ನಕ್ಕರು. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಳಿಯಿತು. ಮಹಾದೇವಿಯ ಕಾಲು ದಣಿಯುತ್ತಿರಲಿಲ್ಲ, ಮತ್ತೆ ಮತ್ತೆ ಬಲ ಕಳೆದುಕೊಳ್ಳುತ್ತಿದ್ದವು. ಪೊಟ್ಯಾಸಿಯಂ ಬಿದ್ದುಹೋದಾಗ ಆಗುವುದೂ ಅದೇ.

ಮರುದಿನವೇ ಕರೆಸಿ ರಕ್ತ ತೆಗೆಸಿದೆ. ಪೊಟ್ಯಾಸಿಯಂ ತೀರಾ ಕಡಿಮೆ ಇತ್ತು. ಕಲಬುರಗಿಯಿಂದ ಬಂದ ವರದಿಯಲ್ಲಿ ಅಲ್ಡೋಸ್ಟೆರಾನ್ ಮಿತಿಮೀರಿತ್ತು. ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಗ್ರಂಥಿಯಲ್ಲಿ ಸಣ್ಣ ಗಂಟು. ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇಲ್ಲಿ ಒಬ್ಬ ಹೆಂಗಸಿನ ಮೈಯಲ್ಲಿ ನಡೆಯುತ್ತಿತ್ತು. ಸಂತೋಷದಿಂದಲೇ ಅತ್ತೆ ಸೊಸೆಯನ್ನು ಕರೆಸಿ, ಆಪರೇಷನ್ ಮಾಡಿ ಗಂಟು ತೆಗೆದರೆ ವಾಸಿಯಾಗುತ್ತದೆ ಎಂದೆ.

ಮಹಾದೇವಿ ಮಾತ್ರ ಹೆದರಿದಳು. ‘ಆಪರೇಷನ್ ಬ್ಯಾಡ್ರಿ. ಉಪ್ಪು ಮುಟ್ಟದಂಗ ಇರ್ತೇನಿ.’

ತಪ್ಪು ಅವಳದಲ್ಲ, ಅವಳು ಎಷ್ಟೇ ಕಡಿಮೆ ತಿಂದರೂ ಈ ಗಂಟು ಉಪ್ಪನ್ನು ಹೊರಗೆ ಹೋಗಗೊಡುವುದಿಲ್ಲ, ಹೀಗೇ ಬಿಟ್ಟರೆ ಲಕ್ವ ಹೊಡೆಯಬಹುದು ಎಂದು ವಿವರಿಸಿದೆ. ಗುರುಬಾಯಿ ಸೊಸೆಯ ಕೈ ಹಿಡಿದಳು.

‘ಸುಮ್ಮಸುಮ್ಮನ ನಿನಗ ಬೈದೆವ್ವಾ. ನಡಿ, ನಾ ಸಂಗಾಟ ಬರ್ತೇನಿ.’

ಕಲಬುರಗಿಯಲ್ಲಿ ಗಂಟು ತೆಗೆದರು. ಕೆಲವು ವಾರ ಕಳೆದು ಕರಜಗಿಗೆ ಹೋದೆ. ಗುಳಿಗೆಯಿಲ್ಲದೆ ಮಹಾದೇವಿಯ ಬಿಪಿ ಸರಿಯಾಗಿತ್ತು. ನಂಬಿಕೆಯಾಗದೆ ಇನ್ನೊಂದು ಕೈಗೂ ಪಟ್ಟಿ ಸುತ್ತಿ ನೋಡಿದೆ. ಗುರುಬಾಯಿ ಎಲ್ಲರಿಗೂ ಒಂದೇ ಗಡಿಗೆಯಿಂದ ಪುಂಡಿಪಲ್ಯ ಬಡಿಸಿದಳು. ಸೊಸೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ರಜೆಗೆ ಮೈಸೂರಿಗೆ ಹೋದೆ. ಬಡಿಸುವಾಗ ನಾನು ‘ಇನ್ನೊಂಚೂರು ಹಾಕಲೇನ್ರಿ’ ಎಂದದ್ದಕ್ಕೆ ಅಮ್ಮ ನಕ್ಕರು, ಆಮೇಲೆ ಯಾರೋ ಹೊಸಬರನ್ನು ನೋಡುವಂತೆ ನನ್ನನ್ನೇ ಒಂದು ಕ್ಷಣ ನೋಡಿದರು. ವಾಪಸು ಬಂದಾಗ ಆಪಾ ಓಣಿಯ ಹೆಂಗಸರಿಗೆ ಕೂಗಿ ಹೇಳುತ್ತಿದ್ದರು, ‘ನಮ್ಮ ಮೈಸೂರು ಡಾಕ್ಟ್ರು ಬಂದ್ರು ನೋಡ್ರಿ.’ ‘ನಮ್ಮ’ ಎಂದದ್ದಕ್ಕೆ ಹಿಗ್ಗಿದೆ. ‘ಮೈಸೂರು’ ಎಂದದ್ದಕ್ಕೆ, ಯಾಕೋ, ಕಣ್ಣು ಒದ್ದೆಯಾಯಿತು.