ಸೀರೆಯುಟ್ಟ ಹರ್ಕ್ಯುಲಿಸ್

ನೀಲವ್ವ ಅಕ್ಕೋರು ಕುಂಚ ಒರೆಸುತ್ತಿದ್ದದ್ದು ತಾವು ಉಟ್ಟ ಇಳಕಲ್ ಸೀರೆಯ ಸೆರಗಿಗೆ. ಹಳೇ ಬಟ್ಟೆ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಕೊಂಕು ತೆಗೆದರೆ, "ನನ್ನ ಸೀರಿ, ನನ್ನ ಬಣ್ಣ. ನಿಮಗೇನ್ರಿ ತ್ರಾಸು?" ಎಂದು ಅವರೆದುರಿಗೇ ಇನ್ನೊಮ್ಮೆ ಒರೆಸುತ್ತಿದ್ದರು. ಹುನಗುಂದದ ನಮ್ಮ ಹೈಸ್ಕೂಲಿಗೆ ಡ್ರಾಯಿಂಗ್ ಕಲಿಸಲು ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅವರ ಕೈಯಲ್ಲಿ ಕಲಿತವಳು. ಮುಂದೆ ಅದೇ ಶಾಲೆಗೆ ಕನ್ನಡ ಟೀಚರಾಗಿ ಸೇರಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ.

ಕೊಡದ ಚಿತ್ರ ಬರೆಯಿರಿ ಎಂದರೆ ನಾವೆಲ್ಲ ದುಂಡಗೆ, ಚೆಂದಗೆ ಬರೆದು ತೋರಿಸುತ್ತಿದ್ದೆವು. ಅಕ್ಕೋರ ಮುಖ ಗಂಟಾಗುತ್ತಿತ್ತು. "ನಿಮ್ಮ ಮನಿ ಕೊಡಕ್ಕ ಒಂದರ ತೆಗ್ಗು ಬಿದ್ದಿಲ್ಲೇನು? ಅದನ್ಯಾಕ ಮುಚ್ಚಿಟ್ಟಿ?" ನನ್ನ ಹಾಳೆಯನ್ನು ಎಷ್ಟು ಸಲ ವಾಪಸು ಕೊಟ್ಟರೋ ಲೆಕ್ಕವಿಲ್ಲ.

ನಾನು ಟೀಚರಾದ ಮೇಲೆ, ಆಟದ ಸಾಮಾನಿನ ಕೋಣೆಯ ಗೋಡೆಗೆ ಗ್ರೀಕ್ ವೀರ ಹರ್ಕ್ಯುಲಿಸನ ಚಿತ್ರ ಬೇಕೆಂದವರು ಶಾಲಾ ಸಮಿತಿಯ ಅಧ್ಯಕ್ಷರು. ನೋಡಿದ ಕೂಡಲೇ ಹುಡುಗರಿಗೆ ಹುರುಪು ಬರಬೇಕು ಎಂದರು. ಅಕ್ಕೋರು ಆಗಲಿ ಎಂದು ತಾಡಪಾಲಿನ ಮರೆ ಕಟ್ಟಿಕೊಂಡು ಒಳಗೆ ಸೇರಿದರು. ತಾಡಪಾಲು ತೆಗೆದಾಗ ನಾವೆಲ್ಲ ಹತ್ತಿರ ಸರಿದು ನೋಡಿದೆವು. ಅದೇ ತೋಳು, ಅದೇ ಎದೆ, ಅದೇ ಗಡ್ಡ. ಅವನು ಯಾವಾಗಲೂ ಹೊದೆಯುವ ಸಿಂಹದ ಚರ್ಮ ಮಾತ್ರ ಗೂಟಕ್ಕೆ ನೇತುಬಿದ್ದಿತ್ತು. ವೀರ ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟು, ರಾಟಿಯ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ.

ಕಥೆ ಅಕ್ಕೋರು ಕಟ್ಟಿದ್ದಲ್ಲ. ಕೊಲೆಯ ಪಾಪಕ್ಕೆ ಹರ್ಕ್ಯುಲಿಸ್ ಒಬ್ಬ ರಾಣಿಯ ಆಳಾಗಿ ದುಡಿಯಬೇಕಾಯಿತಂತೆ. ಅವಳು ಅವನಿಗೆ ಹೆಂಗಸರ ಉಡುಪು ತೊಡಿಸಿ ಉಣ್ಣೆ ನೂಲಲು ಕೂರಿಸಿದಳಂತೆ. ಯುರೋಪಿನ ಚಿತ್ರಕಾರರು ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅಕ್ಕೋರು ಮೊಬೈಲಿನಲ್ಲಿ ಒಂದೊಂದನ್ನೇ ತೋರಿಸಿ ರೇಗಿದರು: "ನೋಡು, ಎಲ್ಲಾರೂ ಅವನ್ನ ನಗಿಪಾಟ್ಲ ಮಾಡ್ಯಾರ. ನೂಲು ಹಿಡದ್ರ ನಗೂವಂಥಾದ್ದೇನೈತಿ?" ಅವರ ಹರ್ಕ್ಯುಲಿಸನನ್ನು ನೋಡಿ ನಗು ಬರುತ್ತಿರಲಿಲ್ಲ. ಎಳೆ ಹರಿಯಬಾರದೆಂದು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಕೂತಿದ್ದ. ಅಕ್ಕೋರ ತಾಯಿ ರಾಟಿಯ ಮುಂದೆ ಹಾಗೇ ಕೂತಿದ್ದನ್ನು ನಾನು ಅವರ ಮನೆಯಲ್ಲಿ ಕಂಡಿದ್ದೆ.

ಅಧ್ಯಕ್ಷರು ಬಂದು ನೋಡಿ ಕೆಂಡವಾದರು. ಸೀರೆ ಅಳಿಸಿ, ರಾಟಿ ತೆಗೆದು, ಕೈಗೆ ಗದೆ ಕೊಡಿ ಎಂದರು. ಅಕ್ಕೋರು ದನಿ ಏರಿಸಲಿಲ್ಲ.

"ನಮ್ಮವ್ವ ಕಂಡಿಕಿ ಸುತ್ತದಿದ್ರ ನಮ್ಮಪ್ಪನ ಮಗ್ಗ ನಿಲ್ತಿತ್ರಿ. ಯಾರರ ಕೇಳಿದ್ರ ಅಪ್ಪ, ನಾ ನೇಕಾರ, ಆಕಿ ಸುಮ್ನ ಮನ್ಯಾಗಿರ್ತಾಳ ಅಂತಿದ್ದ. ಆಕಿ ಸುಮ್ನ ಕುಂತದ್ದು ನಾ ಒಂದಿನಾನೂ ನೋಡಿಲ್ರಿ. ಅಳಸೂದಿದ್ರ ನೀವ ಅಳಸ್ರಿ."

ಹಾಗೆಂದು ಕುಂಚ ಮುಂದೆ ಹಿಡಿದರು. ಅಧ್ಯಕ್ಷರು ಅದನ್ನು ಮುಟ್ಟದೆ ಕಾರು ಹತ್ತಿದರು. ಆ ವರ್ಷ ಶಿಕ್ಷಕರ ದಿನದ ಸನ್ಮಾನಕ್ಕೆ ಅಕ್ಕೋರ ಹೆಸರು ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು. "ಶಾಲು ಯಾರಿಗೆ ಬೇಕು, ಕುಂಚ ಒರಸಾಕ ಸೆರಗೈತಿ" ಎಂದು ಅವರು ನಕ್ಕುಬಿಟ್ಟರು.

ಅವರು ನಿವೃತ್ತರಾದದ್ದೇ ತಡ, ಬೇಸಿಗೆ ರಜೆಯಲ್ಲಿ ಗೋಡೆಗೆ ಸುಣ್ಣ ಬಿತ್ತು. ಸುದ್ದಿ ಹೇಳಲು ಇಳಕಲ್ಲಿಗೆ ಹೋದೆ. ಅಕ್ಕೋರು ಹಾಸಿಗೆ ಹಿಡಿದಿದ್ದರು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಡ್ರಾಯಿಂಗ್ ತಾಸಿನ ದನಿಯಲ್ಲೇ ಗದರಿದರು.

"ಅಳ್ತಿ ಯಾಕ? ನಾ ಬರದದ್ದು ಆಯಿಲ್ ಪೇಂಟಿನಾಗ. ಅದರ ಮ್ಯಾಲ ಸುಣ್ಣ ಗಟ್ಟಿ ಹಿಡಿಯೂದಿಲ್ಲ. ಹಸಿ ಅರಬಿಲೆ ಒರಸಿದ್ರ ಸಾಕು."

ನೀನು ಒರೆಸು ಎಂದು ಮಾತ್ರ ಅವರು ಹೇಳಲಿಲ್ಲ. ಅದೇ ನಮ್ಮ ಕೊನೆಯ ಭೇಟಿ.

ಅವರನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಗ್ಗೆ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಗೋಡೆಯ ಮುಂದೆ ನಿಂತೆ. ಹಸಿ ಬಟ್ಟೆ ತಾಕಿದಲ್ಲೆಲ್ಲ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಮೊದಲು ನೂಲು ಹಿಡಿದ ಬೆರಳು ಬಂದವು, ಆಮೇಲೆ ಕೆಂಪು ಸೆರಗು, ಆಮೇಲೆ ಆ ಗಂಟಿಕ್ಕಿದ ಹುಬ್ಬು. ಅಷ್ಟರಲ್ಲಿ ಹೆಡ್ಮಾಸ್ತರರು ಓಡಿ ಬಂದು, ಅಧ್ಯಕ್ಷರು ಕೇಳಿದರೆ ಏನು ಹೇಳುವುದೆಂದು ಗಾಬರಿಯಾದರು.

ಸುಣ್ಣದ ಕೈಯನ್ನು ನನ್ನ ಸೆರಗಿಗೆ ಒರೆಸಿಕೊಂಡೆ.

"ನಾ ಇಲ್ಲೇ ಇರ್ತೇನ್ರಿ ಸರ್," ಎಂದೆ. "ಬರ್ಲಿ."