ಅಕ್ಕನ ಅಂಗಳದ ಜೇಡ

ಅಂಕೋಲೆಯ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ರಜೆಯಲ್ಲಿ ಜೇಡಗಳ ಫೋಟೋ ತೆಗೆಯುವುದು ಹವ್ಯಾಸ. ಒಂದು ಭಾನುವಾರ ಕಿನ್ನರ ಎಂಬ ಊರಿನಲ್ಲಿ ಅಕ್ಕನ ಮನೆಯಂಗಳದ ದಾಸವಾಳದ ಎಲೆ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಜೇಡವೊಂದು ಕಂಡಿತು. ಬಲೆ ನೇಯದೆ ಜಿಗಿದು ಬೇಟೆಯಾಡುವ ಬಗೆಯದು. ಬೆನ್ನಿನಲ್ಲಿ ಹಸಿರು ಹೊಳಪಿತ್ತು. ನನಗೆ ಗುರುತು ಸಿಗಲಿಲ್ಲ.

ಪರಿಚಯದ ಜೇಡ ಸಂಶೋಧಕರೊಬ್ಬರಿಗೆ ಫೋಟೋ ಕಳಿಸಿದೆ. ಪೂರ್ವದ ದೇಶಗಳಲ್ಲಿ ಮಾತ್ರ ಕಂಡಿರುವ ಜಾತಿ ಇರಬಹುದು, ಭಾರತದಲ್ಲಿ ಇದುವರೆಗೆ ದಾಖಲಾಗಿಲ್ಲ ಎಂದರು. ಆದರೆ ಫೋಟೋ ಸಾಲದು, ಬೆಳೆದ ಗಂಡು ಜೇಡವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ದಾಖಲಿಸುವ ಲೇಖನದಲ್ಲಿ ಸಿಕ್ಕ ಜಾಗವನ್ನೂ ಖಚಿತವಾಗಿ ಬರೆಯಬೇಕು ಎಂದೂ ಹೇಳಿದರು.

ಮುಂದಿನ ಸಲ ಹೋದಾಗ ಅಕ್ಕ ಹಿತ್ತಲಲ್ಲಿ ಬಂಗಡೆ ಮೀನು ಹಸನು ಮಾಡುತ್ತಿದ್ದಳು. ವಿಷಯ ಹೇಳಿದೆ. ಸಿಕ್ಕ ಜಾಗ ಎಂದರೆ ಹೇಗೆ ಬರೆಯುತ್ತಾರೆ ಎಂದು ಕೇಳಿದಳು. ಅಕ್ಷಾಂಶ ರೇಖಾಂಶ ಹಾಕುತ್ತಾರೆ, ಮೊಬೈಲಿನಲ್ಲಿ ಒತ್ತಿದರೆ ನೇರ ನಿನ್ನ ಅಂಗಳವೇ ತೋರಿಸುತ್ತದೆ ಎಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೈ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತಳು.

“ನನ್ನ ಮನೆ ಬರೀಬೇಡ ಮಾರಾಯ್ತಿ. ದೇಶದಲ್ಲೇ ಇಲ್ಲಿ ಮಾತ್ರ ಅಂದ್ರೆ ಅಳೀಲಿಕ್ಕೆ ಬರ್ತಾರೆ.”

ಅವಳು ಮದುವೆಯಾದ ಹೊಸದರಲ್ಲಿ ಭಾವನ ಮನೆ, ಗದ್ದೆ ಎರಡೂ ಕದ್ರಾ ಅಣೆಕಟ್ಟಿನ ಹಿನ್ನೀರಿಗೆ ಹೋಗಿದ್ದವು. ಕಿನ್ನರದ ಈ ಮನೆ ಆಮೇಲೆ ಕಟ್ಟಿಕೊಂಡದ್ದು. ಒಂದು ಜೇಡಕ್ಕಾಗಿ ಯಾರೂ ಮನೆ ತಗೊಳ್ಳುವುದಿಲ್ಲ ಎಂದು ನಾನು ವಿವರಿಸಿದೆ, ಸ್ವಲ್ಪ ನಕ್ಕೆ ಕೂಡ. ಅವಳು ವಾದ ಮಾಡಲಿಲ್ಲ.

“ಅವಾಗೂ ಮೊದಲು ಅಳತೆಗೆ ಅಂತ್ಲೇ ಬಂದದ್ದು. ನಾನೇ ಚಾ ಮಾಡಿ ಕೊಟ್ಟಿದ್ದೆ.”



ಅಕ್ಕನ ಅಂಗಳವನ್ನು ಬರೆಯುವುದು ಬೇಡ ಎಂದು ಸಂಶೋಧಕರಿಗೆ ಫೋನ್ ಮಾಡಿದೆ. ಅವರು ಬೇಸರಪಡಲಿಲ್ಲ. ಒಂದೇ ಗಿಡದಲ್ಲಿ ಒಂದು ಜಾತಿ ಬದುಕುವುದಿಲ್ಲ, ಬೇರೆ ಕಡೆಯೂ ಇರಲೇಬೇಕು, ಅಲ್ಲಿ ಹುಡುಕೋಣ ಎಂದರು. ಎರಡು ಸಲ ಬಂದು ಹೋದರು. ಬೇಲಿಗಳು, ಪಾಳುಬಿದ್ದ ಗದ್ದೆಯ ಅಂಚು, ಎಲ್ಲ ನೋಡಿದೆವು. ಸಿಗಲಿಲ್ಲ. ಅಕ್ಕನ ಅಂಗಳದ್ದನ್ನೇ ಹಿಡಿದು ರಸ್ತೆಯಲ್ಲಿ ಸಿಕ್ಕಿತು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ನನಗೆ ಬಂದದ್ದುಂಟು. ಅವರ ಮುಂದೆ ಆಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಮೂರನೇ ಸಲ ಹೊರಟಾಗ ಅಕ್ಕನೂ ಬಂದಳು. ಹೊಳೆಗೆ ಇಳಿಯುವ ರಸ್ತೆಯ ಬದಿಯಲ್ಲಿ ಪೊದೆಗಳಿದ್ದವು. ಕೊಡೆ ಬಿಡಿಸಿ ತಲೆಕೆಳಗು ಹಿಡಿಯಬೇಕು, ಮೇಲಿನ ಟೊಂಗೆಗೆ ಕೋಲಿನಿಂದ ತಟ್ಟಬೇಕು, ಹುಳಗಳು ಕೊಡೆಯೊಳಗೆ ಬೀಳುತ್ತವೆ. ಕೊಡೆ ಅಕ್ಕ ಹಿಡಿದಳು. ಇರುವೆ, ಒಣಗಿದ ಎಲೆ, ಕಂಬಳಿಹುಳ ಬಿದ್ದವು. ಹೊಳೆ ಹತ್ತಿರವಾದಾಗ ಹಸಿರು ಬೆನ್ನಿನದೊಂದು ಬಿತ್ತು. ಸಂಶೋಧಕರು ಅದನ್ನು ಪುಟ್ಟ ಸೀಸೆಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿ, ಗಂಡು, ಪೂರ್ತಿ ಬೆಳೆದದ್ದು ಎಂದರು.

ಅಕ್ಕ ಕೊಡೆ ಮಡಚಲಿಲ್ಲ. ಈ ಜಾಗ ಯಾರದ್ದು ಎಂದು ನನ್ನನ್ನು ಕೇಳಿದಳು. ಪಂಚಾಯತಿಯ ರಸ್ತೆ ಎಂದೆ.

“ಹಂಗಾದ್ರೆ ಅಡ್ಡಿಲ್ಲ,” ಎಂದಳು.

ಹಲವು ತಿಂಗಳುಗಳ ನಂತರ ಲೇಖನ ಅಚ್ಚಾಯಿತು. ಭಾರತದಲ್ಲಿ ಮೊದಲ ದಾಖಲೆ ಎಂದು ಶೀರ್ಷಿಕೆಯಲ್ಲೇ ಇತ್ತು. ಕಾಲೇಜಿನಲ್ಲಿ ಅಭಿನಂದಿಸಿದರು. ಅದನ್ನು ತೆಗೆದುಕೊಂಡು ಕಿನ್ನರಕ್ಕೆ ಹೋಗಿ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಕಾಲುಗಳ ಅಳತೆ, ಕಣ್ಣುಗಳ ಸಾಲು ಎಲ್ಲ ಸುಮ್ಮನೆ ಕೇಳಿದಳು. ಸಿಕ್ಕ ಜಾಗದ ಸಾಲು ಬಂದಾಗ ಇನ್ನೊಮ್ಮೆ ಓದು ಎಂದಳು. ಓದಿದೆ. ಮೊಬೈಲಿನಲ್ಲಿ ತೋರಿಸು ಎಂದಳು. ನಕ್ಷೆಯ ಗುರುತು ಹೊಳೆಯ ಹತ್ತಿರ, ಅವಳ ಮನೆಯಿಂದ ದೂರವಿತ್ತು. ಬೆರಳಿಟ್ಟು ನೋಡಿ ಊಟಕ್ಕೆ ಬಡಿಸಲು ಎದ್ದಳು.